ಹಸಿರು ಚುಕ್ಕಿ

ಆಪಾ ಅವರ ಬಲಗೈ ತೋರುಬೆರಳಿನ ಉಗುರು ಯಾವಾಗಲೂ ಅರ್ಧ ಬಿಳಿ, ಅರ್ಧ ಕಿತ್ತಳೆ. ಹಬ್ಬಕ್ಕೆ ಹಚ್ಚಿದ ಮೆಹಂದಿ ಉಗುರಿನ ಜೊತೆ ಬೆಳೆದು ತುದಿಗೆ ಸರಿದಿರುತ್ತಿತ್ತು. ಅದೇ ಉಗುರಿನಿಂದ ನನ್ನ ಕಂಪ್ಯೂಟರಿನ ಪರದೆಯನ್ನು ಟಕ್ ಟಕ್ ಎಂದು ಕುಟ್ಟಿ, "ಕೊನೇ ಮನೆ ಯಾವ್ದಮ್ಮ? ಅಲ್ಲಿಂದ ಶುರು ಮಾಡು" ಎನ್ನುತ್ತಿದ್ದರು.

ರೆಡ್‌ವುಡ್ ಸಿಟಿಯ ಸಣ್ಣದೊಂದು ಆಫೀಸು ನಮ್ಮದು. ಹಳ್ಳಿಗಾಡಿಗೆ ಇಂಟರ್ನೆಟ್ ಕೇಬಲ್ ಎಳೆಯಲು ಸರ್ಕಾರದ ಅನುದಾನ ಕೇಳಿ ಕಂಪನಿಗಳು ಅರ್ಜಿ ಹಾಕುತ್ತವೆ. ಬೇರೆ ಬೇರೆ ರಾಜ್ಯಗಳ ಪರವಾಗಿ ಅವನ್ನು ಓದಿ ಅಂಕ ಹಾಕುವುದು ನಮ್ಮ ಕೆಲಸ. ನಕ್ಷೆಯಲ್ಲಿ ಪ್ರತಿ ಮನೆಯೂ ಒಂದು ಚುಕ್ಕಿ. ಕೆಂಪಾಗಿದ್ದರೆ ಸಂಪರ್ಕವಿಲ್ಲ, ಅನುದಾನ ಸಿಗಬಹುದು. ಹಸಿರಾಗಿದ್ದರೆ ಸಂಪರ್ಕ ಇದೆ, ಅನುದಾನವಿಲ್ಲ. ತಮಾಷೆಯೆಂದರೆ, ಮನೆಗೆ ಕೇಬಲ್ ಬಂದೇ ಇರಬೇಕೆಂದಿಲ್ಲ. "ಕೇಳಿದರೆ ಕೆಲವೇ ದಿನಗಳಲ್ಲಿ ಕೊಡಬಲ್ಲೆವು" ಎಂದು ಯಾವುದಾದರೂ ಕಂಪನಿ ಹೇಳಿಕೊಂಡರೆ ಸಾಕು, ಚುಕ್ಕಿ ಹಸಿರು. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವುದೆಂದರೆ ಇದೇ.

ಆಪಾ ಮೈಸೂರಿನವರು. ವಯಸ್ಸಿನಲ್ಲಿ ನನ್ನ ತಾಯಿಯಷ್ಟಾದರೂ ಆಫೀಸಿಗೆಲ್ಲ ಅವರು ಆಪಾ, ಅಂದರೆ ಅಕ್ಕ. ಶುಕ್ರವಾರ ನಮಾಜು ಮುಗಿಸಿ ಬರುವಾಗ ನನಗೆಂದು ಸಮೋಸ ತರುತ್ತಿದ್ದರು. ನಾನು ಮಾಂಸ ತಿನ್ನುವುದಿಲ್ಲವೆಂದು ಪ್ರತಿಯೊಂದನ್ನೂ ಮುರಿದು, ಒಳಗಿರುವುದು ಆಲೂಗಡ್ಡೆಯೇ ಎಂದು ನೋಡಿ ಕೊಡುತ್ತಿದ್ದರು. "ಅಂಗಡಿಯವ್ರು ಹೇಳಿದ್ದು ಸಾಲ್ದಾ ಆಪಾ?" ಎಂದರೆ, "ಹೇಳೋರು ನೂರು ಹೇಳ್ತಾರೆ ಕಣಮ್ಮ, ತಿನ್ನೋಳು ನೀನು" ಎಂದು ಗದರುತ್ತಿದ್ದರು. ಇಡೀ ಸಮೋಸ ತಿನ್ನುವ ಭಾಗ್ಯ ನನಗೆ ಕೊನೆಗೂ ಬರಲಿಲ್ಲ.

ಇಷ್ಟೊಂದು ಅನುಮಾನ ಏಕೆಂದು ತಿಳಿದದ್ದು ಒಂದು ಸಂಜೆ, ಇಬ್ಬರೂ ರೈಲಿನಲ್ಲಿ ಸನ್ನಿವೇಲ್‌ಗೆ ಮರಳುವಾಗ. ನಾನು ಸೇರುವ ಮೊದಲು, ದೂರದ ಗುಡ್ಡಗಾಡಿನ ರಾಜ್ಯವೊಂದರ ಅರ್ಜಿ ಅವರ ಕೈಗೆ ಬಂದಿತ್ತು. ಕಣಿವೆಯ ಕೊನೆಯ ಮನೆಯಲ್ಲಿ ಒಬ್ಬ ಮುದುಕ ಇದ್ದ. ಅವನ ಚುಕ್ಕಿ ಹಸಿರು. ಎಷ್ಟು ಕೇಳಿದರೂ ಯಾರೂ ಸಂಪರ್ಕ ಕೊಟ್ಟಿಲ್ಲ ಎಂದು ಅವನ ತಕರಾರು ಬಂದಿತ್ತು, ಆದರೆ ಗಡುವು ಮುಗಿದ ಮೇಲೆ.

"ರೂಲ್ಸ್ ಪ್ರಕಾರ ಪಕ್ಕಕ್ಕಿಟ್ಟೆ," ಎಂದರು ಆಪಾ. ಕೇಬಲ್ ಅವನ ಮನೆಗಿಂತ ಒಂದು ಮನೆ ಮೊದಲೇ ನಿಂತಿತು. ಮರು ಬೇಸಿಗೆಯಲ್ಲಿ ಆ ಕಾಡಿಗೆ ಬೆಂಕಿ ಬಿತ್ತು. ಮನೆ ಬಿಟ್ಟು ಹೊರಡಿ ಎಂಬ ಎಚ್ಚರಿಕೆ ಉಳಿದವರಿಗೆಲ್ಲ ಇಂಟರ್ನೆಟ್ಟಿನಲ್ಲಿ ತಲುಪಿತು, ಹೊರಟರು. ಮುದುಕ ಹೊರಡಲಿಲ್ಲ.

"ಕನೆಕ್ಷನ್ ಇದ್ದಿದ್ರೆ ಉಳೀತಿದ್ರಾ ಆಪಾ?"

"ಗೊತ್ತಿಲ್ಲ ಕಣಮ್ಮ. ನನ್ನಿಂದಾನೇ ಹೋದ ಅಂತ ಗೊತ್ತಾಗಿದ್ರೆ ಅತ್ತು ತೌಬಾ ಮಾಡಿ ಕ್ಷಮೆ ಕೇಳ್ಕೋತಿದ್ದೆ. ಗೊತ್ತಿಲ್ದಿದ್ದಕ್ಕೆ ಏನಂತ ಅಳ್ಲಿ?"

ಆಮೇಲೆ ಫೋನಿನಲ್ಲಿ ನಕ್ಷೆ ತೆಗೆದು ತೋರಿಸಿದರು. ಸುತ್ತ ಏನೂ ಇಲ್ಲ, ನಡುವೆ ಒಂದು ಹಸಿರು ಚುಕ್ಕಿ. "ಮನೆ ಇಲ್ಲ, ಮನುಷ್ಯ ಇಲ್ಲ. ಸರ್ವೀಸ್ ಮಾತ್ರ ಇದೆಯಂತೆ." ಅಂದಿನಿಂದ ಗಮನಿಸತೊಡಗಿದೆ: ಊಟಕ್ಕೆ ಕೂರುವ ಮೊದಲು ಅವರು ತಪ್ಪದೆ ಆ ನಕ್ಷೆ ತೆಗೆದು, "ಇವತ್ತೂ ಇದೆ" ಎಂದು ಗೊಣಗಿ, ಡಬ್ಬಿ ಬಿಚ್ಚುತ್ತಿದ್ದರು.

ಒಮ್ಮೆ ಇನ್ನೊಂದು ಅರ್ಜಿಯ ಅಂಕ ನಿರ್ಧರಿಸಲು ಎಲ್ಲರೂ ಕೂತಿದ್ದೆವು. ರಸ್ತೆಯ ತುದಿಯ ಕೆಲವು ಮನೆಗಳು ಹಸಿರಾಗಿದ್ದವು. ಅವನ್ನು ಕೈಬಿಟ್ಟರೆ ಮನೆಯೊಂದಕ್ಕೆ ತಗಲುವ ಖರ್ಚು ಇಳಿದು ಅರ್ಜಿಗೆ ಒಳ್ಳೆಯ ಅಂಕ ಬರುತ್ತಿತ್ತು. ನಮ್ಮ ಮುಖ್ಯಸ್ಥರು ಗಡಿಯಾರ ನೋಡಿದರು. ಆಪಾ ಸಹಿ ಹಾಕಲಿಲ್ಲ. ತಕರಾರಿನ ಗಡುವು ಇನ್ನೂ ಇತ್ತು. ಅಲ್ಲಿ ಒಂದೇ ಒಂದು ಮನೆಗಾದರೂ ಸಂಪರ್ಕ ಕೊಟ್ಟ ಪುರಾವೆ ತರಿಸಿ ಎಂದು ಪಟ್ಟು ಹಿಡಿದರು. ರಾಜ್ಯದವರು ಕೇಳಿದಾಗ, ಸಂಪರ್ಕ ಕೊಡಬಲ್ಲೆವೆಂದಿದ್ದ ಕಂಪನಿಗೆ ಏನೂ ತೋರಿಸಲಾಗಲಿಲ್ಲ. ಚುಕ್ಕಿಗಳು ಕೆಂಪಾದವು, ಮನೆಗಳು ಅರ್ಜಿಯಲ್ಲಿ ಉಳಿದವು. ನಾವೆಲ್ಲ ಅಭಿನಂದಿಸಿದರೆ ಆಪಾ ಮುಖ ತಿರುಗಿಸಿ, "ಊರು ಕೊಳ್ಳೆ ಹೋದ್ಮೇಲೆ ಕೋಟೆ ಬಾಗ್ಲು ಹಾಕ್ದೆ, ಅಷ್ಟೇ" ಎಂದರು.

ಕಳೆದ ಚಳಿಗಾಲದಲ್ಲಿ ಅವರು ತೀರಿಕೊಂಡರು. ಎದೆನೋವು ಎಂದವರು ಆಸ್ಪತ್ರೆ ತಲುಪಲಿಲ್ಲ. ಖಬರಸ್ತಾನದಲ್ಲಿ ಅವರ ಮಗಳು ನನ್ನ ಕೈ ಹಿಡಿದು ಇಂಗ್ಲಿಷಿನಲ್ಲಿ ಏನೋ ಹೇಳಿದಳು. ನನಗೆ ಕೇಳಿಸಿದ್ದು ಟಕ್ ಟಕ್ ಸದ್ದು ಮಾತ್ರ. ಈಗಲೂ ಹೊಸ ಅರ್ಜಿ ತೆರೆದಾಗಲೆಲ್ಲ ಆ ಸದ್ದು ಕೇಳುತ್ತದೆ, ಕೈ ತಾನಾಗಿ ಕೊನೆಯ ಮನೆಗೆ ಹೋಗುತ್ತದೆ. ನಾನು ಕಲಿತದ್ದೆಲ್ಲ ಅವರಿಂದಲೇ.

ಮೊನ್ನೆ ಊಟಕ್ಕೆ ಮುಂಚೆ ಕಣಿವೆಯ ಆ ಚುಕ್ಕಿ ನೋಡಿದೆ. ಇನ್ನೂ ಹಸಿರು. "ಇವತ್ತೂ ಇದೆ ಆಪಾ" ಎಂದೆ, ಜೋರಾಗಿಯೇ. ಆಮೇಲೆ ಏನನ್ನಿಸಿತೋ, ಸನ್ನಿವೇಲ್‌ನಲ್ಲಿ ಅವರಿದ್ದ ಅಪಾರ್ಟ್‌ಮೆಂಟಿನ ವಿಳಾಸ ಹಾಕಿದೆ. ಮಗಳು ಮನೆ ಖಾಲಿ ಮಾಡಿ ಬೀಗದ ಕೈ ಕೊಟ್ಟು ಹೋಗಿದ್ದಾಳೆ. ಚುಕ್ಕಿ ಹಸಿರಾಗಿತ್ತು. ಕೇಳಿದರೆ ಕೆಲವೇ ದಿನಗಳಲ್ಲಿ ಸಂಪರ್ಕ ಕೊಡುತ್ತಾರಂತೆ.