ಪಂಖದ ಮುಂದೆ ಕೇಳಿದ ಕೂಗು

ನಂಬಿದರೆ ನಂಬಿ, ಇಲ್ಲದಿದ್ದರೆ ಬಿಡಿ. ಕಟ್ಟಿ ಹೇಳಿ ನನಗೆ ಬರುವುದೇನಿಲ್ಲ. ಆ ರಾತ್ರಿ ಅಲ್ಲಿದ್ದದ್ದು ನಾವಿಬ್ಬರೇ... ನಾನು, ನನ್ನ ಹೆಂಡತಿಯ ತಮ್ಮ ಶೇಖಪ್ಪ. ಅವನು ಇವತ್ತು ಎರಡೂ ಕೈಯಿಂದ ದುಡಿದು ಉಣ್ಣುತ್ತಿದ್ದಾನೆ ಅಂದರೆ ಅದಕ್ಕೆ ಒಂದು ಕೂಗು ಕಾರಣ.

ಗಜೇಂದ್ರಗಡದಾಚೆ ಎರೆಹೊಲಗಳ ನಡುವೆ ವಿಮಾನ ಹಾರಿಸಲು ಕಲಿಸುವ ಸಣ್ಣದೊಂದು ಶಾಲೆಯಿದೆ. ಇಬ್ಬರು ಕೂರುವ ಪುಟ್ಟ ವಿಮಾನಗಳು. ಜಕ್ಕಲಿಯಲ್ಲಿ ವರ್ಷಗಟ್ಟಲೆ ಟ್ರ್ಯಾಕ್ಟರ್ ರಿಪೇರಿ ಮಾಡಿದ ನಾನು ಅಲ್ಲಿ ನೆಲದ ಕೆಲಸಕ್ಕೆ ಸೇರಿದೆ. ವಿಮಾನ ತಳ್ಳುವುದು, ಗಾಲಿ ಉರುಳದಂತೆ ಅಡ್ಡ ಕಟ್ಟಿಗೆ ಕೊಡುವುದು, ಹಗ್ಗ ಬಿಗಿಯುವುದು. ಆಮೇಲೆ ಶೇಖಪ್ಪನನ್ನೂ ಕರೆತಂದೆ. ನಲವತ್ತರ ಗಂಡಸು, ಎರಡು ಹೆಣ್ಣುಮಕ್ಕಳು.

ನೇಗಿಲಿರಲಿ, ನಟ್ಟು ಬಿಚ್ಚುವ ಪಾನಾ ಇರಲಿ, ಮುಟ್ಟಿ ಕಣ್ಣಿಗೊತ್ತಿಕೊಳ್ಳದೆ ನಾವು ಕೆಲಸಕ್ಕೆ ಇಳಿಯುವವರಲ್ಲ. ನಾನು ವಿಮಾನದ ಮುಂದಿನ ಪಂಖಕ್ಕೂ ಹಾಗೇ ಮಾಡುತ್ತಿದ್ದೆ. ಹಾರಾಟ ಕಲಿಸುವ ಮೇಡಂ ಒಂದು ದಿನ ನೋಡಿ ರೇಗಿದರು.

"ಬಸಣ್ಣಾರ, ಪಂಖಾ ಮುಟ್ಟಬ್ಯಾಡ್ರಿ ಅಂತ ಎಷ್ಟ್ ಸಲ ಹೇಳ್ಬೇಕ್ರಿ? ಕೀಲಿ ತಗದಿದ್ರೂ ಒಮ್ಮೊಮ್ಮೆ ಅದಕ್ಕ ಜೀವ ಇರ್ತೈತಿ. ಕೈ ಹೋಗ್ತೈತಿ!"

ನನಗೆ ಸಿಟ್ಟು ನೆತ್ತಿಗೇರಿತು. ಇಂಜಿನ್ ಬಿಚ್ಚಿ ಬಿಚ್ಚಿ ಉಗುರು ಕರಿಯಾದವನಿಗೆ ಪಾಠ! ಅವರು ಅತ್ತ ಹೋದ ಮೇಲೆ ಶೇಖಪ್ಪನಿಗೆ ಅಂದೆ, "ಅದು ಪುಸ್ತಕದ ಮಾತು. ನೀ ನಮಸ್ಕಾರ ಬಿಡಬ್ಯಾಡ." ಆ ಮಾತು ನೆನೆದರೆ ಈಗಲೂ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಮೇಡಂ ಹೇಳಿದ್ದರಲ್ಲಿ ಒಂದನ್ನು ಮಾತ್ರ ನಾವು ತಪ್ಪಿಸಿದವರಲ್ಲ. ಇಂಜಿನ್ ಚಾಲೂ ಮಾಡುವ ಮುಂಚೆ ಒಳಗೆ ಕೂತವರು "ಕ್ಲಿಯರ್ ಪ್ರಾಪ್!" ಎಂದು ಕೂಗುತ್ತಾರೆ. ಅಂದರೆ ಪಂಖದಿಂದ ದೂರ ಸರಿಯಿರಿ ಅಂತ. ಕೇಳಿದ ತಕ್ಷಣ ಹಿಂದಕ್ಕೆ ಜಿಗಿಯಬೇಕು, ಆಮೇಲೆ ಸರಿದೆವು ಅಂತ ಉತ್ತರ.

ಆಷಾಢದ ಒಂದು ರಾತ್ರಿ, ಎಂಟು ಗಂಟೆ ಇರಬಹುದು. ಮೇಡಂ ಎಲ್ಲರನ್ನೂ ಕರೆದುಕೊಂಡು ರೋಣಕ್ಕೆ ಹೋಗಿದ್ದರು. ಕರೆಂಟ್ ಇಲ್ಲ. ಗಾಳಿ ಎಂಥದ್ದು ಅಂತೀರಿ... ಹೊರಗೆ ನಿಂತ ವಿಮಾನದ ಹಗ್ಗಗಳು ಕಿರ್‌ರ್ ಕಿರ್‌ರ್ ಎನ್ನುತ್ತಿದ್ದವು. ಇನ್ನೊಂದು ಹಗ್ಗ ಬಿಗಿಯದಿದ್ದರೆ ಮಗುಚಿ ಬೀಳುತ್ತದೆ ಅಂತ ಇಬ್ಬರೂ ಓಡಿದೆವು.

ಶೇಖಪ್ಪ ವಿಮಾನದ ಮೂತಿಯೆದುರು ನಿಂತ. ನಾನು ಅವನ ಬೆನ್ನ ಹಿಂದೆ ಬ್ಯಾಟರಿ ಬೆಳಕು ಹಿಡಿದಿದ್ದೆ. ಹಗ್ಗಕ್ಕೆ ಕೈ ಹಾಕುವ ಮುಂಚೆ ಅವನು ನಾನು ಕಲಿಸಿದಂತೆಯೇ ಪಂಖದ ಮೇಲೆ ಅಂಗೈ ಇಟ್ಟ.

ಗಾಳಿ ಒಮ್ಮೆಲೇ ನಿಂತಿತು... ಹಗ್ಗದ ಸದ್ದೂ ಇಲ್ಲ. ಮೂಗಿಗೆ ಪೆಟ್ರೋಲ್ ವಾಸನೆ ಗಪ್ಪನೆ ಬಡಿಯಿತು.

"ಕ್ಲಿಯರ್ ಪ್ರಾಪ್!"

ಶೇಖಪ್ಪ ಕೈ ಕಿತ್ತು ಹಿಂದಕ್ಕೆ ಜಿಗಿದ. ಕಿತ್ತ ರಭಸಕ್ಕೆ ಪಂಖ ತುಸು ಅಲುಗಿತು, ಅಷ್ಟೇ... ಢಪ್! ಇಂಜಿನ್ ಒಮ್ಮೆ ಕೆಮ್ಮಿತು. ಅವನ ಕೈ ಇದ್ದ ಜಾಗದಲ್ಲಿ ಪಂಖ ಸುಂಯ್ ಎಂದು ತಿರುಗಿ ನಿಂತಿತು.

ಇಬ್ಬರೂ ಎರೆಮಣ್ಣಿನಲ್ಲಿ ಬಿದ್ದಿದ್ದೆವು. ಎದ್ದು ವಿಮಾನದ ಒಳಕ್ಕೆ ಬ್ಯಾಟರಿ ಬೆಳಕು ಬಿಟ್ಟೆ. ಎರಡೂ ಸೀಟು ಖಾಲಿ. ಬಾಗಿಲಿಗೆ ಬೀಗ. ಕೀಲಿ ಆಫೀಸಿನ ಮೊಳೆಯಲ್ಲೇ ತೂಗುತ್ತಿತ್ತು.

ಮರುದಿನ ಮೆಕ್ಯಾನಿಕ್ ಬಂದು ನೋಡಿದ. ಕೀಲಿ ತೆಗೆದಾಗ ಇಂಜಿನ್ನಿನಲ್ಲಿ ಕಿಡಿ ಹಾರದಂತೆ ತಡೆಯಬೇಕಾದ ತಂತಿ ಒಳಗೇ ತುಂಡಾಗಿತ್ತು. ಪಂಖ ಒದ್ದದ್ದು ಅದಕ್ಕೇ. ಮೇಡಂ ಹೇಳಿದ್ದೇ ಖರೆಯಾಯಿತು. ಆದರೆ ಕೂಗಿದ್ದು ಯಾರು?

ಶೇಖಪ್ಪ ಊರೆಲ್ಲ ಹೇಳಿಕೊಂಡು ಬಂದ, "ಮಾಮಾ ಕೂಗಿ ನನ್ನ ಕೈ ಉಳಿಸಿದ್ರು." ನನ್ನ ಹೆಂಡತಿ ದೇವರ ಮುಂದೆ ನನ್ನ ಹೆಸರಲ್ಲೂ ಒಂದು ದೀಪ ಹಚ್ಚಿದಳು. ನಾನು ಹೂಂ ಅನ್ನಲಿಲ್ಲ, ಊಹೂಂ ಅಂತಲೂ ಅನ್ನಲಿಲ್ಲ. ಅವನು ಪಂಖ ಮುಟ್ಟುವುದನ್ನು ಕಣ್ಣಾರೆ ನೋಡುತ್ತ ನಾನು ಬಾಯಿ ಮುಚ್ಚಿಕೊಂಡೇ ನಿಂತಿದ್ದೆ. ಆ ತಪ್ಪು ನನ್ನನ್ನು ಒಳಗೊಳಗೇ ತಿನ್ನುತ್ತಿತ್ತು.

ಮೊನ್ನೆ ತಡೆಯಲಾಗಲಿಲ್ಲ. ಅವನ ಮನೆಯ ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಮೆಲ್ಲಗೆ ಅಂದೆ, "ಶೇಖಪ್ಪಾ, ಅವತ್ತ ಕೂಗಿದ್ದು ನಾ ಅಲ್ಲೋ."

ಅವನು ಚಹಾದ ಬಸಿ ಕೆಳಗಿಟ್ಟ. ಒಳಗೆ ಹೆಂಡತಿ ಇದ್ದಾಳೇನೋ ಅಂತ ಬಾಗಿಲ ಕಡೆ ನೋಡಿದ.

"ಗೊತ್ತೈತ್ರಿ ಮಾಮಾ. ನೀವು ನನ್ನ ಬೆನ್ನಹಿಂದ ಇದ್ರಿ. ದನಿ ಮುಂದಿಂದ ಬಂತು... ವಿಮಾನದ ಒಳಗಿಂದ."

"ಮತ್ತ ನನ್ನ ಹೆಸರ ಯಾಕ ಹೇಳ್ತಿ?"

"ಯಾರರೆ ಕೂಗ್ಯಾರ ಅನ್ಬೇಕಲ್ರಿ. ಯಾರೂ ಇರ್ಲಿಲ್ಲ ಅಂದ್ರ ಇಕಿ ನನ್ನ ಕೆಲಸಕ್ಕ ಬಿಡ್ತಾಳೇನು?"

ನಾನು ಚಹಾ ಮುಗಿಸಿ ಎದ್ದೆ. ನಾಳೆ ನಸುಕಿಗೆ ಅದೇ ವಿಮಾನದ ಮುಂದೆ ನಿಲ್ಲುವ ಪಾಳಿ ಅವನದು.