ಫ್ರ್ಯಾಂಕ್ ಮನೆ ಮುಂದಿನ ಹಿಮ

ನಾವಿರುವ ಮನ್ರೋ ಊರಿನಲ್ಲಿ ಮೊಣಕಾಲು ಮುಳುಗುವಷ್ಟು ಹಿಮ ಬಿದ್ದಿದ್ದ ಬೆಳಿಗ್ಗೆ, ಹಿಮವನ್ನು ಪಕ್ಕಕ್ಕೆ ತೂರುವ ಸ್ನೋ ಬ್ಲೋವರ್ ಸಿಕ್ಕಿಸಿದ ನನ್ನ ಪುಟ್ಟ ಟ್ರ್ಯಾಕ್ಟರಿನಲ್ಲಿ ಮನೆ ಮುಂದಿನ ಡ್ರೈವ್‌ವೇ ತೆರವು ಮಾಡುತ್ತಿದ್ದೆ. ಪಕ್ಕದ ಮನೆಯ ಫ್ರ್ಯಾಂಕ್ ಸಲಿಕೆ ಹಿಡಿದು ಹೊರಬಂದರು. ಹಿಂದಿನ ತಿಂಗಳಷ್ಟೇ ಅವರಿಗೆ ಹೃದಯದ ಬೈಪಾಸ್ ಆಪರೇಷನ್ ಆಗಿತ್ತು. ಕಿಟಕಿಯಿಂದ ಅವರ ಹೆಂಡತಿ, ಇವರನ್ನು ತಡೆಯಿರಿ ಎಂದು ನನಗೆ ಸನ್ನೆ ಮಾಡುತ್ತಿದ್ದರು.

"ನಾನು ತೆಗೆದುಕೊಡಲಾ?" ಎಂದೆ.

"ಬೇಡ. ನನ್ನ ಹಿಮ, ನಾನೇ ತೆಗೀತೀನಿ," ಅಂದರು.

ನನಗೆ ಭಯವಾಯಿತು. ಏನೋ ಹೊಳೆದು, "ಈ ಮೆಷಿನ್ ನನಗೆ ಹೊಸದು. ನಿಮ್ಮ ಡ್ರೈವ್‌ವೇಲಿ ಸ್ವಲ್ಪ ಪ್ರಾಕ್ಟೀಸ್ ಮಾಡ್ಲಾ? ನೀವೇ ಹೇಳಿಕೊಡಿ," ಎಂದೆ.

ಫ್ರ್ಯಾಂಕ್ ಸಲಿಕೆಯನ್ನು ಗೋಡೆಗೆ ಒರಗಿಸಿದರು. ಮೆಟ್ಟಿಲ ಮೇಲೆ ನಿಂತು, "ನಿಧಾನ! ಎಡಕ್ಕೆ!" ಎಂದು ಕೂಗುತ್ತಾ ಪೂರ್ತಿ ತೆಗೆಸಿದರು. ಹೆಂಡತಿ ಕಾಫಿ ತಂದುಕೊಟ್ಟರು.

ಇದಾಗಿ ಕೆಲವು ಚಳಿಗಾಲ ಕಳೆದಿವೆ. ಫ್ರ್ಯಾಂಕ್ ಗಟ್ಟಿಮುಟ್ಟಾಗಿದ್ದಾರೆ. ನನಗೆ ಮಾತ್ರ ಟ್ರ್ಯಾಕ್ಟರ್ ಓಡಿಸಲು ಇನ್ನೂ ಬರುವುದಿಲ್ಲವೆಂದು ಬೀದಿಗೆಲ್ಲ ಹೇಳುತ್ತಾರೆ.