ಯಾವ ದೇವರೂ ಬಾರದ ವಾರ

ಒಳಗೆ ರಾಗಿಹಿಟ್ಟು ಸೀಯುತ್ತಿದೆ. ಕೃಷ್ಣರಾಜನಗರದ ಈ ಮನೆಯ ಜಗಲಿಯ ಮೇಲೆ ಕಾಲು ಚಾಚಿ ಕೂತು, ಅವರೆಕಾಯಿ ಬಿಡಿಸುವ ನೆಪದಲ್ಲಿ ತೂಕಡಿಸುತ್ತಿದ್ದವಳ ಮೂಗಿಗೆ ಆ ವಾಸನೆ ಬಂದು ತಟ್ಟಿತು. ಎದ್ದು ಹೋಗಿ ನೋಡಬೇಕಿತ್ತು, ನಿಜ. ಆದರೆ ಮಂಡಿ ನನ್ನ ಮಾತು ಕೇಳುವುದನ್ನು ಬಿಟ್ಟು ಬಹಳ ಕಾಲವಾಯಿತು. ಮೇಲಾಗಿ ಒಳಗೆ ಸೊಸೆ ಇದ್ದಾಳೆ, ನೋಡಿಕೊಳ್ಳುತ್ತಾಳೆ. ಅವಳು ಇಲ್ಲಿಯ ಆಸ್ಪತ್ರೆಯಲ್ಲಿ ನರ್ಸು; ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಬಂದಿದ್ದಾಳೆ. ಮಗನೂ ಮನೆಯಲ್ಲೇ ಇದ್ದಾನೆ, ಪೇಪರು ಓದುತ್ತಿದ್ದಾನೆ. ಹಾಗೆಂದುಕೊಂಡು ಕೂತೇ ಇದ್ದೆ. ಅಷ್ಟರಲ್ಲಿ ಆ ವಾಸನೆ ನನ್ನ ಕೈಹಿಡಿದು ಗುರುಪುರದ ದಾರಿ ಹಿಡಿದೇಬಿಟ್ಟಿತು. ಬನ್ನಿ, ನೀವೂ ಕೂತುಕೊಳ್ಳಿ. ಎರಡು ಅವರೆಕಾಯಿ ಬಿಡಿಸಿದರೂ ಬೇಡ ಅನ್ನುವುದಿಲ್ಲ.

ಹತ್ತೊಂಬತ್ತುನೂರ ಐವತ್ತರ ದಶಕ. ನನ್ನ ತೌರು ಹೆಗ್ಗಡದೇವನಕೋಟೆ. ಮೈಸೂರಿನಲ್ಲಿ ಟ್ರೈನಿಂಗು ಮುಗಿಸಿದ ಮೇಲೆ ಹುಣಸೂರಿನ ಆಚೆ ಗುರುಪುರದ ಸ್ಕೂಲಿಗೆ ನನ್ನನ್ನು ಹಾಕಿದರು. ಅಲ್ಲಿ ನನ್ನ ಸೋದರಮಾವ ಮಹದೇವಪ್ಪನವರ ಮನೆಯಿತ್ತು. ಹೆಣ್ಣುಮಗಳು ಒಬ್ಬಳೇ ಇರುವುದೆಂದರೇನು ಎಂದು ಅಪ್ಪ ತೆಗೆದ ಹತ್ತು ತಕರಾರಿಗೂ ಮಾವನ ಮನೆಯೇ ಉತ್ತರವಾಯಿತು. ಮಾವನ ಇಬ್ಬರು ಹೆಣ್ಣುಮಕ್ಕಳನ್ನೂ ಪಿರಿಯಾಪಟ್ಟಣದ ಕಡೆಗೆ ಕೊಟ್ಟಾಗಿತ್ತು. ಮನೆಯಲ್ಲಿ ಮಾವ, ಗೌರಮ್ಮತ್ತೆ, ಎರಡು ಎತ್ತು. ಆಮೇಲೆ ನಾನು.

ಸ್ಕೂಲೆಂದರೆ ಹೆಂಚು ಹೊದಿಸಿದ ಎರಡು ಕೋಣೆ. ಹೆಂಚಿನ ಸಂದಿಯಿಂದ ಬಿಸಿಲು ಕೋಲುಕೋಲಾಗಿ ಇಳಿಯುತ್ತಿತ್ತು, ಅದರಲ್ಲಿ ಸೀಮೆಸುಣ್ಣದ ಧೂಳು ತೇಲುತ್ತಿತ್ತು, ಮಕ್ಕಳು ಅದನ್ನು ಹಿಡಿಯಲು ಹೋಗಿ ಮಗ್ಗಿ ಮರೆಯುತ್ತಿದ್ದರು. ನಾನೂ ನೋಡುತ್ತ ನಿಂತು ಎಲ್ಲಿಗೆ ನಿಲ್ಲಿಸಿದ್ದೆ ಎಂಬುದನ್ನು ಮರೆಯುತ್ತಿದ್ದೆ. ಎಂಥ ಮೇಷ್ಟ್ರಮ್ಮ ಎಂದು ನಗಬೇಡಿ. ನನಗೆ ಆ ಸ್ಕೂಲೆಂದರೆ ಹುಚ್ಚು. ಸಂಜೆ ಸೆರಗಿನ ಸುಣ್ಣ ಕೊಡವಿಕೊಂಡು ಬರುವಾಗ, ಇಡೀ ಊರಿನಲ್ಲಿ ನನ್ನಷ್ಟು ದೊಡ್ಡ ಮನುಷ್ಯರು ಇನ್ನೊಬ್ಬರಿಲ್ಲ ಎಂಬ ಗತ್ತು ಬರುತ್ತಿತ್ತು.

ಗುರುಪುರದಲ್ಲಿ ಸೋಮವಾರ ಯಾರೂ ಎತ್ತಿನ ಮೇಲೆ ನೊಗ ಇಡುತ್ತಿರಲಿಲ್ಲ. ಅದು ಬಸವಣ್ಣನ ವಾರ. ಹದವಾಗಿ ಮಳೆ ಬಿದ್ದು ಹೊಲ ಕರೆಯುತ್ತಿರಲಿ, ಹೊಗೆಸೊಪ್ಪಿನ ಹೇರು ಹುಣಸೂರಿಗೆ ಹೋಗಬೇಕಾಗಿರಲಿ, ಸೋಮವಾರ ಹೂಡುವಂತಿಲ್ಲ. ಮಾವ ಬೆಳಿಗ್ಗೆಯೇ ಎತ್ತುಗಳನ್ನು ಕೆರೆಗೆ ಹೊಡೆದುಕೊಂಡು ಹೋಗಿ, ಹುಲ್ಲಿನಿಂದ ಮೈ ಉಜ್ಜಿ, ಹಣೆಗೆ ವಿಭೂತಿ ಬಳಿದು, ಬೇಯಿಸಿದ ಹುರುಳಿ ತಿನ್ನಿಸಿ ಹೊಂಗೆಮರದ ಕೆಳಗೆ ಕಟ್ಟುತ್ತಿದ್ದರು. ತಾವೂ ಮಿಂದು, ಲಿಂಗಪೂಜೆ ಮುಗಿಸಿ, ಅವುಗಳ ಪಕ್ಕದಲ್ಲೇ ಕಂಬಳಿ ಹಾಸಿಕೊಳ್ಳುತ್ತಿದ್ದರು. ಗಂಟೆಯ ಸದ್ದಿಲ್ಲ, ಗಾಡಿಯ ಕೀಲಿನ ಕಿರ್ರೆನ್ನುವ ದನಿಯಿಲ್ಲ. ಹೊಂಗೆಯ ಹೂವು ಒಂದೊಂದಾಗಿ ಉದುರುತ್ತಿತ್ತು. ಎತ್ತುಗಳು ಮೆಲುಕು ಹಾಕುತ್ತಿದ್ದವು, ಮಾವ ಎಲೆಅಡಿಕೆ ಮೆಲ್ಲುತ್ತಿದ್ದರು. ದೂರದಿಂದ ನೋಡಿದವರಿಗೆ ಮೂವರೂ ಒಂದೇ ಕೆಲಸ ಮಾಡುತ್ತಿದ್ದಂತೆ ಕಾಣುತ್ತಿತ್ತು.

"ಎತ್ತಿಗೂ ಕನ್ಸು ಬೀಳ್ತದೆ ಕಣಮ್ಮಿ. ಕಿವಿ ಅಲ್ಲಾಡುಸ್ತದಲ್ಲ, ನೋಡಲ್ಲಿ" ಎಂದಿದ್ದರು ಒಮ್ಮೆ.

"ಏನು ಕನಸು ಮಾವ ಅದಕ್ಕೆ?"

"ಇನ್ನೇನು, ನಾನು ಗಾಡಿ ಎಳೀತಿರೋದು, ಅದು ಮ್ಯಾಲೆ ಕುಂತಿರೋದು."

ಸ್ಕೂಲಿಗೆ ರಜೆಯಿದ್ದ ಒಂದು ಸೋಮವಾರ, ಇದೇ ಹೊಂಗೆಮರದ ಕೆಳಗೆ, ಕೃಷ್ಣರಾಜನಗರದಿಂದ ನಮ್ಮ ದೂರದ ನೆಂಟ ಶಿವಣ್ಣ ನನಗೊಂದು ಸಂಬಂಧ ತಂದ. ಹುಡುಗನಿಗೆ ಸ್ವಂತ ಬೆಲ್ಲದಂಗಡಿ. ಅಪ್ಪ ಇಲ್ಲ, ಅವ್ವ ಇದ್ದಾರೆ, ಒಳ್ಳೆಯ ಜನ. ಒಂದೇ ಒಂದು ಮಾತು, ಹುಡುಗಿ ಸ್ಕೂಲು ಬಿಡಬೇಕು.

"ಅವರವ್ವ ಏಳವ್ರೆ, ನಮ್ಮನೇಲಿ ಕೆಲ್ಸುಕ್ಕೇನು ಬರವಾ, ಊರೋರ್ ಮಕ್ಕಳ್ನ ಯಾಕ್ ಕಾಯ್ಬೇಕು ಅಂತ" ಎಂದ ಶಿವಣ್ಣ.

ಮಾವ ತಲೆಯಾಡಿಸಿದರು. "ಅದೂ ಸರೀನೇ. ಒಂದೆತ್ತುನ್ನ ಎರಡು ನೊಗಕ್ಕೆ ಕಟ್ಟಕ್ಕಾಯ್ತದಾ?"

ನಾನು ಜಗಲಿಯ ಕಂಬಕ್ಕೆ ಒರಗಿ ನಿಂತಿದ್ದೆ. ಪಾಠ ಹೇಳುವಾಗ ಊರಿಗೆಲ್ಲ ಕೇಳುವಂತೆ ಕೂಗುವವಳು ಆಗ ಕಂಬದ ಮರೆಗೆ ಸರಿದುಬಿಟ್ಟೆ. ಹೊಸ್ತಿಲ ಮೇಲೆ ಗೌರಮ್ಮತ್ತೆ ಬಂದು ನಿಂತರು. ಕೈಯಲ್ಲಿ ಹಿಟ್ಟು ತಿರುವುವ ಕೋಲು. ಸೋಮವಾರವೆಂದರೆ ಅತ್ತೆಗೆ ಒಪ್ಪತ್ತು. ಅವತ್ತೇ ಮನೆಯೆಲ್ಲ ಸಾರಿಸಬೇಕು, ಎತ್ತಿಗೆ ಹುರುಳಿ ಬೇಯಿಸಬೇಕು, ಪೂಜೆಗೆ ಅಣಿ ಮಾಡಬೇಕು. ಮನೆಯಲ್ಲೇ ಇರುವ ಗಂಡನಿಗೆ ಗಳಿಗೆಗೊಂದು ಬಯಕೆ, ಅದನ್ನೂ ತೀರಿಸಬೇಕು.

"ನಾನೇನು ಒಂದೇ ನೊಗ ಒತ್ತಿದ್ದೀನಾ?" ಎಂದರು ಅತ್ತೆ, ದನಿಯನ್ನೇನೂ ಏರಿಸದೆ. "ಎತ್ತಿಗೆ ಸೋಮಾರ ಐತೆ. ನಿಮ್ಗೂ ಸೋಮಾರ ಐತೆ. ಈ ಕೂಸಿನ ಇಸ್ಕೂಲ್ಗೆ ಭಾನ್ವಾರ ಐತೆ. ನಂಗ್ಯಾವ ವಾರ ಐತೆ, ಏಳಿ."

ಮಾವ ನಕ್ಕರು. "ಮನೇಲಿರೋಳ್ಗೆ ಎಂತಾ ವಾರ ಬುಡು."

"ನಾನೇ ಏಳ್ತೀನಿ ಕೇಳಿ. ಸೋಮಾರ ಶಿವಂಗೆ. ಮಂಗ್ಳಾರ ಮಾರಮ್ಮಂಗೆ. ಗುರುವಾರ ಮಠದಯ್ನೋರ್ಗೆ. ಸುಕ್ರಾರ ಲಕ್ಷ್ಮಮ್ಮಂಗೆ. ಸನಿವಾರ ಆಂಜಪ್ಪಂಗೆ. ಭಾನ್ವಾರ ನಿಮ್ ನೆಂಟ್ರಿಗೆ. ಯಾವ ದೇವ್ರು ಬಂದ್ರೂ ಸಾರ್ಸೋಳು ನಾನೇ. ಬುಧವಾರ ಒಂದು ಯಾವ ದೇವ್ರೂ ಬರಾಕಿಲ್ಲ. ಅದು ನಂದು."

ಒಳಗೆ ಒಲೆಯ ಮೇಲಿನ ಹಿಟ್ಟು ಸೀಯುತ್ತಿತ್ತು. ವಾಸನೆ ಅಂಗಳಕ್ಕೆಲ್ಲ ಬಂದರೂ ಯಾರೂ ಅಲುಗಲಿಲ್ಲ.

"ಅವತ್ತು ಇಟ್ಟು ಯಾರ್ ತಿರುವೋದು?" ಎಂದರು ಮಾವ.

ಅತ್ತೆ ಮೆಟ್ಟಿಲಿಳಿದು ಬಂದು ಕೋಲನ್ನು ಅವರ ಕೈಗೆ ಕೊಟ್ಟು, "ಇಡ್ಕಳಿ" ಎಂದು ಒಳಗೆ ಹೋದರು.

ಬೇರೆ ಯಾರಾದರೂ ಆಗಿದ್ದರೆ ಆ ಕೋಲು ಅಲ್ಲೇ ಹೊಂಗೆಯ ಬುಡದಲ್ಲಿ ಬಿದ್ದಿರುತ್ತಿತ್ತು. ಆದರೆ ಮಾವನಿಗೆ ಒಂದು ದೌರ್ಬಲ್ಯ. ಹುಟ್ಟಿದಾಗಿನಿಂದ ಒಂದು ಸೋಮವಾರವನ್ನೂ ಮುರಿದವರಲ್ಲ. ವಾರ ಎಂಬ ಮಾತು ಬಂದಮೇಲೆ ಅದು ದೇವರದೋ ಹೆಂಡತಿಯದೋ ಎಂದು ಬೇರೆ ಮಾಡಿ ನೋಡುವುದು ಅವರ ಕೈಲಾಗಲಿಲ್ಲ. ಮಂಗಳವಾರವೆಲ್ಲ ಗೊಣಗಿ, ಬುಧವಾರ ಬೆಳಿಗ್ಗೆ ಒಲೆ ಮುಂದೆ ಕೂತರು. ಆ ಮುದ್ದೆಯ ವಿಚಾರ ಹೇಳದಿರುವುದೇ ಮೇಲು. ಮೇಲೆ ಗಂಟು, ಕೆಳಗೆ ಕರಿ. ಎತ್ತಿಗೆ ಹಾಕಿದರೆ ಅವೂ ಮೂಸಿ ನೋಡಿ ಮುಖ ತಿರುಗಿಸಿದವು. ಮಾವ ಮಾತ್ರ ಅಷ್ಟನ್ನೂ ಸೊಪ್ಪಿನ ಸಾರಿನಲ್ಲಿ ಮುಳುಗಿಸಿ ಉಂಡು, "ಚೆನ್ನಾಗೇ ಐತೆ" ಎಂದರು.

ಅವತ್ತು ಸಂಜೆ ಸ್ಕೂಲು ಬಿಟ್ಟು ಬರುವಾಗ ಕೆರೆ ಏರಿಯ ಮೇಲೆ ಅತ್ತೆ ಕೂತಿದ್ದರು. ಬಟ್ಟೆಯ ಗಂಟಿಲ್ಲ, ಬಿಂದಿಗೆಯಿಲ್ಲ. ಪೆಟ್ಟಿಗೆಯಲ್ಲಿ ಮಡಿಸಿಟ್ಟಿದ್ದ ಹಸಿರು ಸೀರೆ ಉಟ್ಟಿದ್ದರು. ಬೆಳಿಗ್ಗೆಯಿಂದ ಏನು ಮಾಡುವುದೆಂದು ತಿಳಿಯದೆ ಎರಡು ಸಲ ಪೊರಕೆ ಹಿಡಿದು, ಎರಡು ಸಲ ಕೆಳಗಿಟ್ಟು, ಕೊನೆಗೆ ಇಲ್ಲಿಗೆ ಬಂದರಂತೆ. ನಾನೂ ಪಕ್ಕದಲ್ಲಿ ಕೂತೆ. ಬಿಸಿಲು ಇಳಿದು ನೀರು ಅರಿಸಿನದ ಬಣ್ಣಕ್ಕೆ ತಿರುಗಿತ್ತು. ಆಚೆ ದಡದ ಬೆಳ್ಳಕ್ಕಿಗಳು ಒಂದೊಂದೇ ಎದ್ದು ಹೋಗುತ್ತಿದ್ದವು. ಎದ್ದ ಹಕ್ಕಿಯ ನೆರಳು ನೀರಿನಲ್ಲಿ ಸ್ವಲ್ಪ ಹೊತ್ತು ಉಳಿದು ಆಮೇಲೆ ಹೊರಡುತ್ತಿದೆಯೇನೋ ಅನ್ನಿಸುತ್ತಿತ್ತು. ನಾವು ಎಷ್ಟು ಹೊತ್ತು ಕೂತಿದ್ದೆವೋ ಕಾಣೆ.

"ದಿನಾ ಇಲ್ಲಿಗೆ ಬಟ್ಟೆ ತರ್ತೀನಿ ಕಣೆ" ಎಂದರು ಅತ್ತೆ. "ನೀರು ಇಂಗೆಲ್ಲ ಕಾಣ್ತದೆ ಅಂತ ನೋಡೇ ಇರ್ನಿಲ್ಲ."

ನಾನು ಅತ್ತುಬಿಟ್ಟೆ. ಸ್ಕೂಲು ಬಿಡುವುದಕ್ಕೆ ನನಗೆ ಮನಸ್ಸಿಲ್ಲ, ಬಿಡುವುದಿಲ್ಲ ಎಂದರೆ ಅಪ್ಪ, ಮಾವ, ಶಿವಣ್ಣ ಎಲ್ಲರೂ ಮೇಲೆ ಬೀಳುತ್ತಾರೆ ಎಂದೆ. ಅತ್ತೆ ನನ್ನ ಕಣ್ಣೊರೆಸಲಿಲ್ಲ, ಎಲೆಗೆ ಸುಣ್ಣ ಸವರುತ್ತಿದ್ದರು.

"ಇಸ್ಕೂಲ್ ಬುಡಬ್ಯಾಡ. ಆದ್ರೆ ಅದೊಂದೇ ಕೇಳ್ಬ್ಯಾಡ. ಅಲ್ಲೂ ದುಡ್ದು ಇಲ್ಲೂ ದುಡ್ದು ಸವ್ದೋಯ್ತೀಯ. ಒಂದು ವಾರಾನೂ ಕೇಳು. ಮದ್ಲೇ ಕೇಳು. ತಾಳಿ ಬಿದ್ದಮ್ಯಾಕೆ ಯಾರೂ ಕೊಡಾಕಿಲ್ಲ."

ಮುಂದಿನ ಭಾನುವಾರ ಹುಡುಗನ ಕಡೆಯವರು ಬಸ್ಸಿನಲ್ಲಿ ಬಂದಿಳಿದರು. ಮೊದಲು ನೀವೇ ನೋಡಿ ಎಂದು ಅಪ್ಪ ಮಾವನಿಗೆ ಹೇಳಿಕಳಿಸಿದ್ದರು. ಹುಡುಗ ತೆಳ್ಳಗೆ, ಉದ್ದಕ್ಕೆ ಇದ್ದ. ಅವನ ಮೈಯಿಂದ ಹೊಸ ಬೆಲ್ಲದ ವಾಸನೆ ಬರುತ್ತಿತ್ತು. ನಾಚಿಕೆಯೇಕೆ, ಹೇಳಿಬಿಡುತ್ತೇನೆ: ನೋಡಿದ ತಕ್ಷಣ ಹಿಡಿಸಿಬಿಟ್ಟ. ಅದೇ ಪಜೀತಿಯಾಯಿತು. ಹಿಡಿಸದಿದ್ದರೆ ಧೈರ್ಯವಾಗಿ ಮಾತಾಡಿ ಒಳಗೆ ಹೋಗಬಹುದಿತ್ತು. ಈಗ ಸ್ಕೂಲೂ ಬೇಕು, ಇವನೂ ಬೇಕು. ಅವನ ಅವ್ವ, ಅಡುಗೆ ಬರುತ್ತದೆಯೇ ಎಂದು ಕೇಳಿದರು.

"ಬರುತ್ತದೆ" ಎಂದೆ. "ಆದರೆ ನಾನು ಸ್ಕೂಲು ಬಿಡುವುದಿಲ್ಲ. ಬುಧವಾರ ಅಡುಗೆಯನ್ನೂ ಮಾಡುವುದಿಲ್ಲ."

ಶಿವಣ್ಣನ ಬಾಯಿಗೆ ಹೊರಟಿದ್ದ ಉಪ್ಪಿಟ್ಟು ಅರ್ಧ ದಾರಿಯಲ್ಲೇ ನಿಂತಿತು. ಮಾವ ತಲೆಯೆತ್ತಿ ಸೂರಿನ ಜಂತೆ ನೋಡಿದರು. ಹುಡುಗನ ಅವ್ವ, "ಬುಧವಾರುದ್ದು ಅಂತಾದ್ದೇನವ್ವ ವಿಶೇಷ?" ಎಂದರು.

ಗೌರಮ್ಮತ್ತೆ ಹೇಳಿದರು. ಹುಡುಗನ ಅವ್ವ ಬೆರಳು ಮಡಿಸುತ್ತ ತುಟಿಯಲ್ಲೇ ಎಣಿಸತೊಡಗಿದರು. ಸೋಮವಾರ, ಮಂಗಳವಾರ. ಬುಧವಾರದ ಬೆರಳಿಗೆ ಬಂದು ನಿಂತರು. ಆ ಬೆರಳನ್ನು ಮಡಿಸಲೂ ಇಲ್ಲ, ಬಿಡಿಸಲೂ ಇಲ್ಲ. ಎದ್ದು, ಸೆರಗು ಸರಿಮಾಡಿಕೊಂಡು, ಬಸ್ಸಿಗೆ ಹೋದರು.

ಆಮೇಲೆ ಸುದ್ದಿಯೇ ಇಲ್ಲ. ತಿಂಗಳಾಯಿತು. ಮಾವ ನನ್ನ ಮುಖ ನೋಡಿದಾಗಲೆಲ್ಲ, "ನಿಮ್ಮತ್ತೆ ಮಾತ್ ಕಟ್ಕಂಡು ಕೆಟ್ಟೆ" ಅನ್ನುತ್ತಿದ್ದರು. ನನಗೂ ಹಾಗೇ ಅನ್ನಿಸಿತು. ಪಾಠದ ಮಧ್ಯೆ ಬಸ್ಸಿನ ಸದ್ದು ಕೇಳಿದರೆ ಸೀಮೆಸುಣ್ಣ ಹಲಗೆಯ ಮೇಲೆ ನಿಂತುಬಿಡುತ್ತಿತ್ತು. ಸಂಜೆಯ ಗತ್ತೆಲ್ಲ ಎಲ್ಲಿಗೆ ಹೋಯಿತೋ. ಬೆಲ್ಲದ ವಾಸನೆ ಬಂದರೆ ಊಟ ಸೇರುತ್ತಿರಲಿಲ್ಲ. ಆದರೂ, ಆಗಲಿ, ಸ್ಕೂಲು ಬಿಡುತ್ತೇನೆ ಎಂದು ಹೇಳಿಕಳಿಸಲು ಬಾಯಿ ಬರಲಿಲ್ಲ.

ಒಂದು ಬುಧವಾರ ಮಧ್ಯಾಹ್ನ ಊಟಕ್ಕೆ ಬಂದೆ. ಅಡುಗೆಮನೆಯಲ್ಲಿ ಇಬ್ಬರು ಗಂಡಸರು. ಮಾವ ಒಲೆಯ ಪಕ್ಕದಲ್ಲಿ ಕೂತು, ತಾವು ಹುಟ್ಟಿದ್ದೇ ಹಿಟ್ಟು ತಿರುವುವುದಕ್ಕೆ ಎಂಬ ಠೀವಿಯಲ್ಲಿ ಉಪದೇಶ ಮಾಡುತ್ತಿದ್ದರು. ಬೆಲ್ಲದಂಗಡಿಯ ಹುಡುಗ ಪಂಚೆ ಎತ್ತಿಕಟ್ಟಿ ಕೋಲು ಹಿಡಿದಿದ್ದ. ಹೊಗೆಗೆ ಕಣ್ಣಲ್ಲಿ ನೀರು. ಹಿಟ್ಟು ಘಮ್ಮೆಂದು ಸೀಯುತ್ತಿತ್ತು.

"ಅವ್ವ ಏಳ್ಕಳ್ಸವ್ಳೆ" ಎಂದ, ನನ್ನ ಕಡೆ ನೋಡದೆ. "ಇಸ್ಕೂಲ್ ಮಡೀಕಳ್ಳಿ ಅಂತ. ಆದ್ರೆ ಬುಧವಾರ ಮದ್ಲು ನಂದು, ಆಮ್ಯಾಕೆ ಸೊಸೇದು, ಇಷ್ಟ್ ವರ್ಷ ನಂಗ್ಯಾರೂ ಏಳ್ನೇ ಇಲ್ವಲ್ಲ ಅಂದ್ಲು. ಇಬ್ರೂ ಕುಂತ್ಕಂಡ್ರೆ ಒಲೆ ಅಚ್ಚೋರ್ಯಾರು? ಅದಕ್ಕೇ ಕಲಿಯಾಕ್ ಬಂದೆ."

ಹಾಗೆ ನಾನು ಈ ಮನೆಗೆ ಬಂದೆ. ನನ್ನನ್ನು ಇಲ್ಲಿಯ ಸ್ಕೂಲಿಗೆ ವರ್ಗ ಮಾಡಿದರು. ಸ್ಕೂಲು, ಮನೆ, ಮಗು ಎಲ್ಲವೂ ನನ್ನನ್ನು ಒಂದೊಂದು ಕಡೆಗೆ ಎಳೆದವು. ಎಳೆಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಬುಧವಾರ ಬರುತ್ತಿತ್ತು. ಸ್ಕೂಲಿನಿಂದ ಬಂದವಳು ಯಜಮಾನರ ಅವ್ವನ ಜೊತೆ ಇದೇ ಜಗಲಿಯಲ್ಲಿ ಕೂರುತ್ತಿದ್ದೆ, ಇಲ್ಲವೇ ಇಬ್ಬರೂ ಕಾವೇರಿಯ ಮೆಟ್ಟಿಲ ತನಕ ಹೋಗಿ ಕಾಲು ಇಳಿಬಿಟ್ಟು ಕೂತು ಬರುತ್ತಿದ್ದೆವು. ಯಜಮಾನರು ಅಂಗಡಿ ಮುಚ್ಚಿ ಬಂದು ಒಲೆ ಹಚ್ಚುತ್ತಿದ್ದರು. ಬದುಕಿದ್ದಷ್ಟು ದಿನವೂ ತಳ ಸೀಯಿಸಿದರು. ಆ ಸೀದ ಹಿಟ್ಟನ್ನು ಉಣ್ಣುತ್ತ ನಾನು ಸುಖವಾಗಿದ್ದೆ. ಅವರು ಹೋದಮೇಲೆ, ನಾನೂ ಸ್ಕೂಲಿನಿಂದ ನಿವೃತ್ತಳಾದಮೇಲೆ, ನನಗೆ ಎಲ್ಲ ವಾರವೂ ಒಂದೇ ಆಗಿಹೋಯಿತು. ಮಗನ ಮದುವೆಯಾಯಿತು. ಕೋಲು ಸೊಸೆಯ ಕೈಗೆ ಹೋಯಿತು. ಯಾರೂ ಕೊಡಲಿಲ್ಲ, ಅದೇ ಹೋಯಿತು.

ವಾಸನೆ ಜಾಸ್ತಿಯಾಯಿತಲ್ಲವೇ? ನಿಮಗೂ ಬರುತ್ತಿರಬೇಕು. ಅವರೆಕಾಯಿಯ ಮೊರವನ್ನು ಪಕ್ಕಕ್ಕಿಟ್ಟು, ಗೋಡೆ ಹಿಡಿದು ಎದ್ದೆ.

ಸೊಸೆ ಒಲೆಯ ಮುಂದೆ ನಿಂತೇ ನಿದ್ದೆ ಮಾಡುತ್ತಿದ್ದಳು. ಕೈಯಲ್ಲಿ ಕೋಲು ಹಾಗೇ ಇತ್ತು. ಆಸ್ಪತ್ರೆಯ ಬಿಳಿ ಸೀರೆಯನ್ನೂ ಬದಲಾಯಿಸಿರಲಿಲ್ಲ. ಪಾತ್ರೆಯಿಂದ ಹೊಗೆ ಏಳುತ್ತಿತ್ತು. ನಾನು ಒಲೆ ಆರಿಸಿದೆ.

"ಇವತ್ತು ಯಾವ ವಾರಮ್ಮ?" ಎಂದೆ.

ಬೆಚ್ಚಿಬಿದ್ದಳು. "ಬುಧವಾರ ಅತ್ತೆ. ಯಾಕೆ, ಏನಾದ್ರೂ ಪೂಜೆ ಇದ್ಯಾ? ನಾನು ಮರ್ತೇಬಿಟ್ಟೆ, ಈಗ್ಲೇ ಸ್ನಾನ ಮಾಡ್ಕೊಂಡು ಬರ್ತೀನಿ."

ಅಯ್ಯೋ ಕೂಸೇ. ನನ್ನ ಕಣ್ಣಲ್ಲಿ ನೀರು ತುಂಬಿತು. ಹೊಗೆ ಎಂದುಕೊಂಡಿರಬೇಕು ಅವಳು. ಅವಳ ಕೈಯಿಂದ ಕೋಲು ಬಿಡಿಸಿಕೊಂಡೆ.

"ಇವತ್ತು ಯಾವ ದೇವರೂ ಬರುವುದಿಲ್ಲ. ಹೋಗಿ ಮಲಗಿಕೋ" ಎಂದೆ.

ಅವಳು ಅರ್ಥವಾಗದೆ ನನ್ನನ್ನೇ ನೋಡುತ್ತ ಕೋಣೆಗೆ ಹೋದಳು. ನಡುಮನೆಯಲ್ಲಿ ಮಗ ಪೇಪರಿನಿಂದ ತಲೆಯೆತ್ತಿ, "ಏನಮ್ಮ, ಏನೋ ಸೀದ ವಾಸನೆ?" ಎಂದ.

ಕೋಲನ್ನು ಅವನ ಕೈಗೆ ಕೊಟ್ಟೆ.

"ಬಾ" ಎಂದೆ. "ನಿಮ್ಮಪ್ಪನೂ ಹೀಗೇ ಶುರು ಮಾಡಿದ್ದು."